ಐವತ್ತು ಡಾಲರ್‌ಗೆ ಇನ್ನು ಎಂಟು ಡಾಲರ್ ಎಪ್ಪತ್ತು ಸೆಂಟ್ ಬೇಕು: ಬರೆಯುತ್ತಾ ಹೋಗಲೇ, ಬಿಟ್ಟುಬಿಡಲೇ?

ದಾರದುಂಡೆ

ಏಳು ತಿಂಗಳಿನಿಂದ ಒಂದು ಬರವಣಿಗೆಯ ತಾಣದಲ್ಲಿ ಬರೆಯುತ್ತಿದ್ದೇನೆ. ನನ್ನ ದೂರು ಆ ತಾಣದ ಮೇಲಲ್ಲ, ಹಾಗಾಗಿ ಅದರ ಹೆಸರು ಬೇಡ. ಬರಹವನ್ನು ಎಷ್ಟು ಜನ ನೋಡಿದರು, ಎಷ್ಟು ಲೈಕ್ ಬಿತ್ತು, ಎಷ್ಟು ಕಾಮೆಂಟ್ ಬಂತು ಎಂಬ ಲೆಕ್ಕದ ಮೇಲೆ ಸದಸ್ಯರಿಗೆ ಸೆಂಟ್‌ಗಳಲ್ಲಿ ಹಣ ಜಮೆಯಾಗುತ್ತದೆ. ಇಲ್ಲಿಯವರೆಗೆ 112 ಬರಹಗಳಾಗಿವೆ, ಖಾತೆಯಲ್ಲಿ 41 ಡಾಲರ್ 30 ಸೆಂಟ್ ಇದೆ. 50 ಡಾಲರ್ ತುಂಬದೆ ಒಂದು ಸೆಂಟ್ ಕೂಡ ಕೈಗೆ ಸಿಗುವುದಿಲ್ಲ.

ಮೊದಲ ತಿಂಗಳು 11 ಡಾಲರ್ ಬಂದಿತ್ತು, ಎರಡನೆಯ ತಿಂಗಳು 9. ಕಳೆದ ತಿಂಗಳು 2 ಡಾಲರ್ 10 ಸೆಂಟ್. ನಾನು ಬರೆಯುವುದನ್ನು ಕಡಿಮೆ ಮಾಡಿಲ್ಲ, ಆದರೂ ಇಳಿಯುತ್ತಿದೆ. ಹೀಗೇ ನಡೆದರೆ ಉಳಿದ ಮೊತ್ತಕ್ಕೆ ಇನ್ನೂ ನಾಲ್ಕು ತಿಂಗಳು ಮೀರಿ ಬೇಕು.

ಹಾಸಿಗೆ ಹಿಡಿದವರೊಬ್ಬರನ್ನು ನೋಡಿಕೊಳ್ಳುವ ಹೊಣೆ ನನ್ನ ಮೇಲಿದೆ, ಹೊರಗೆ ಹೋಗಿ ದುಡಿಯುವಂತಿಲ್ಲ. ಅವರು ನಿದ್ದೆ ಹೋದಾಗ ಸಿಗುವ ಹೊತ್ತಿನಲ್ಲಿ ಬರೆಯುತ್ತೇನೆ. ಈಗ ಬಿಟ್ಟರೆ ಏಳು ತಿಂಗಳ ಶ್ರಮ ನೀರಿಗೆ ಹೋಯಿತು ಎನಿಸುತ್ತದೆ. ಮುಂದುವರಿಸೋಣವೆಂದರೆ ಮನಸ್ಸು ಬರುತ್ತಿಲ್ಲ. ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ.

ಹಳೆಯ ಲೆಕ್ಕಿಗ

ಸಲಹೆ ಕೊಡುವ ಮೊದಲು ಎರಡು ಪ್ರಶ್ನೆ. ಒಂದು ಬರಹಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? ಬರೆಯುವುದನ್ನು ಬಿಟ್ಟು ಆ ತಾಣದಲ್ಲಿ ದಿನಕ್ಕೆ ಇನ್ನೆಷ್ಟು ಹೊತ್ತು ಕಳೆಯುತ್ತೀರಿ?

ದಾರದುಂಡೆ

ಬರಹಕ್ಕೆ ಸುಮಾರು ನಲವತ್ತು ನಿಮಿಷ. ಅದಲ್ಲದೆ ದಿನಕ್ಕೆ ಒಂದು ಗಂಟೆಯಾದರೂ ಬೇರೆಯವರ ಬರಹ ತೆರೆದು, ಲೈಕ್ ಒತ್ತಿ, ಎರಡು ಸಾಲು ಕಾಮೆಂಟ್ ಬರೆಯುತ್ತೇನೆ. ನಾನು ಅವರ ಬಳಿಗೆ ಹೋಗದಿದ್ದರೆ ಅವರು ನನ್ನ ಬಳಿಗೆ ಬರುವುದಿಲ್ಲ. ಅಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ.

ಹಳೆಯ ಲೆಕ್ಕಿಗ

ಹಾಗಾದರೆ ಕಾಗದದ ಮೇಲೆ ಬರೆದು ನೋಡೋಣ. 112 ಬರಹಗಳಿಗೆ ತಲಾ 40 ನಿಮಿಷವೆಂದರೆ ಹತ್ತಿರ ಹತ್ತಿರ 75 ಗಂಟೆ. ಏಳು ತಿಂಗಳು ದಿನಕ್ಕೊಂದು ಗಂಟೆ ಕಾಮೆಂಟ್ ಸುತ್ತು ಎಂದರೆ 210 ಗಂಟೆ. ಒಟ್ಟು 285. ಬಂದದ್ದು 41 ಡಾಲರ್ 30 ಸೆಂಟ್, ಅಂದರೆ ಗಂಟೆಗೆ ಹದಿನಾಲ್ಕು ಸೆಂಟ್. ಅದೂ ಇನ್ನೂ ಕೈಸೇರದ ಹಣ.

ಈಗ ಆ 210 ಗಂಟೆಯನ್ನು ಬದಿಗಿಟ್ಟು ಬರೆದ ಹೊತ್ತನ್ನು ಮಾತ್ರ ಹಿಡಿಯಿರಿ. ಗಂಟೆಗೆ 55 ಸೆಂಟ್ ಆಗುತ್ತದೆ. ಇದೂ ಕಡಿಮೆಯೇ. ಆದರೆ ಸಮಯ ಎಲ್ಲಿ ಸೋರುತ್ತಿದೆ ಎಂಬುದು ಇಲ್ಲಿ ಕಾಣುತ್ತದೆ. ನಿಮ್ಮ ಶ್ರಮದ ಮುಕ್ಕಾಲು ಪಾಲು ಹೋಗಿರುವುದು ಬರವಣಿಗೆಗಲ್ಲ, ಮುಯ್ಯಿಗೆ. ಮದುವೆಯ ಮುಯ್ಯಿಯಂತೆ ಇದು: ನೀವು ಅವರಿಗೆ ಹಾಕಿದ್ದನ್ನು ಅವರು ನಿಮಗೆ ಹಾಕುತ್ತಾರೆ, ಒಟ್ಟು ಹಣ ಹೆಚ್ಚುವುದಿಲ್ಲ.

ಹೆಚ್ಚದಿರುವುದಕ್ಕೆ ಕಾರಣವಿದೆ. ತಾಣಕ್ಕೆ ಹಣ ಬರುವುದು ಜಾಹೀರಾತಿನಿಂದ. ಜಾಹೀರಾತುದಾರರಿಗೆ ಬೇಕಾದದ್ದು ಏನನ್ನಾದರೂ ಕೊಳ್ಳಬಹುದಾದ, ಹೊರಗಿನಿಂದ ಹುಡುಕಿಕೊಂಡು ಬಂದ ಓದುಗ. ಸದಸ್ಯರೇ ಸದಸ್ಯರ ಬರಹ ತೆರೆದು ಮುಚ್ಚುತ್ತಿದ್ದರೆ ಆ ಪುಟಗಳ ಜಾಹೀರಾತಿಗೆ ಬೆಲೆ ಬರುವುದಿಲ್ಲ. ತಾಣ ಮಾತ್ರ ನಿಮ್ಮೆಲ್ಲರಿಗೂ ಸೆಂಟ್ ಲೆಕ್ಕ ಬರೆದುಕೊಳ್ಳುತ್ತಾ ಹೋಗಬೇಕು. ಒಂದು ದಿನ ಬರುವುದಕ್ಕಿಂತ ಕೊಡಬೇಕಾದದ್ದು ಹೆಚ್ಚಾಗುತ್ತದೆ. ಆಗ ದರ ಇಳಿಸುತ್ತಾರೆ. ನಿಮ್ಮ 11 ಡಾಲರ್ 2 ಡಾಲರ್ ಆಗಿರುವುದು ಬಹುಶಃ ಹೀಗೆಯೇ. ನಿಮ್ಮ ಬರವಣಿಗೆ ಕೆಟ್ಟಿತೆಂದು ಕೊರಗಬೇಡಿ.

ಮಸಿಕುಡಿಕೆ

ಲೆಕ್ಕಿಗ ಅವರು ಹೇಳಿದ್ದಕ್ಕೆ ಚರಿತ್ರೆಯ ಸಾಕ್ಷಿ ಬೇಕಾದಷ್ಟಿದೆ. ನಾನು ಈ ಬರವಣಿಗೆ ತಾಣಗಳ ಲೋಕಕ್ಕೆ ಬಂದದ್ದು 2009ರಲ್ಲಿ, ಕಂಡದ್ದನ್ನು ಹೇಳುತ್ತೇನೆ.

ಆಗ ಅಸೋಸಿಯೇಟೆಡ್ ಕಂಟೆಂಟ್, ಹೀಲಿಯಂ, ಸ್ಕ್ವಿಡೂ, ಹಬ್‌ಪೇಜಸ್ ಎಂದು ಹತ್ತಾರು ತಾಣಗಳಿದ್ದವು. ಹೇಗೆ ಗಂಟು ಹಾಕಬೇಕು, ಯಾವ ಬಣ್ಣಕ್ಕೆ ಯಾವ ಬಣ್ಣ ಹೊಂದುತ್ತದೆ, ನಾಯಿಮರಿಗೆ ಕೂರಲು ಕಲಿಸುವುದು ಹೇಗೆ ಎಂಬಂತಹ ಸಣ್ಣ ಬರಹಗಳನ್ನು ಸಾವಿರಾರು ಜನ ಬರೆಯುತ್ತಿದ್ದರು. ಹುಡುಕಾಟದ ಯಂತ್ರಗಳು ಓದುಗರನ್ನು ತಂದು ಸುರಿಯುತ್ತಿದ್ದವು. 2010ರಲ್ಲಿ ಯಾಹೂ ಸುಮಾರು 10 ಕೋಟಿ ಡಾಲರ್ ಕೊಟ್ಟು ಅಸೋಸಿಯೇಟೆಡ್ ಕಂಟೆಂಟನ್ನು ಕೊಂಡಾಗ ನಾವೆಲ್ಲ ನಮ್ಮ ಕಾಲ ಬಂತೆಂದೇ ಭಾವಿಸಿದ್ದೆವು.

2011ರ ಫೆಬ್ರುವರಿಯಲ್ಲಿ ಗೂಗಲ್ ತನ್ನ ಹುಡುಕಾಟದ ನಿಯಮವನ್ನು ಬದಲಿಸಿತು. ಪಾಂಡಾ ಎಂದು ಅದಕ್ಕೆ ಹೆಸರು. ತೆಳುವಾದ, ಅವಸರದಲ್ಲಿ ಬರೆದ ಪುಟಗಳನ್ನು ಅದು ಕೆಳಕ್ಕೆ ತಳ್ಳಿತು. ಬರಹಗಾರರ ತಾಣಗಳಲ್ಲಿ ಅಂತಹ ಪುಟಗಳೇ ಹೆಚ್ಚಾಗಿದ್ದವು, ಅವುಗಳ ನಡುವೆ ಒಳ್ಳೆಯ ಬರಹಗಳೂ ಮುಳುಗಿದವು. 2014 ಒಂದೇ ವರ್ಷದಲ್ಲಿ ಏನೆಲ್ಲ ಆಯಿತು ನೋಡಿ: ಯಾಹೂ ವಾಯ್ಸಸ್ ಎಂದು ಹೆಸರು ಬದಲಾಗಿದ್ದ ಅಸೋಸಿಯೇಟೆಡ್ ಕಂಟೆಂಟ್ ಮುಚ್ಚಿತು, ಸ್ಕ್ವಿಡೂ ಹಬ್‌ಪೇಜಸ್‌ನಲ್ಲಿ ಲೀನವಾಯಿತು, ಹೀಲಿಯಂ ಬಾಗಿಲು ಹಾಕಿತು. ವೀಕ್ಷಣೆಗೊಂದು, ಲೈಕಿಗೊಂದು, ಕಾಮೆಂಟಿಗೊಂದು ಸೆಂಟ್ ಎಂದು ಹೇಳಿ ಜನರನ್ನು ಸೆಳೆದ ಬಬಲ್‌ಯೂಸ್ 2012ರಲ್ಲಿ ಹುಟ್ಟಿ 2015ರಲ್ಲಿ ನಿಂತುಹೋಯಿತು. ದಾರದುಂಡೆ ಅವರೇ, ನೀವು ವಿವರಿಸಿದ ಪದ್ಧತಿ ಅದೇ.

ಇನ್ನು ನನ್ನ ಸ್ವಂತ ಪೆಟ್ಟು. ನಾನು ಬರೆಯುತ್ತಿದ್ದ ತಾಣವೊಂದು ಮುಚ್ಚುವ ಮುನ್ನ ಮಿಂಚಂಚೆ ಕಳಿಸಿತ್ತು. ಆ ಅಂಚೆಪೆಟ್ಟಿಗೆಯನ್ನು ನಾನು ಆ ದಿನಗಳಲ್ಲಿ ತೆರೆದಿರಲಿಲ್ಲ. ತೆರೆಯುವ ಹೊತ್ತಿಗೆ 200ಕ್ಕೂ ಹೆಚ್ಚು ಬರಹಗಳು ಇಲ್ಲವಾಗಿದ್ದವು. ಹಣ ಹೋದದ್ದಕ್ಕೆ ನನಗೆ ಅಷ್ಟು ನೋವಾಗಲಿಲ್ಲ. ತಂದೆಯ ಕೊನೆಯ ವರ್ಷದ ಬಗ್ಗೆ ಬರೆದಿದ್ದ ಒಂಬತ್ತು ಬರಹಗಳು ಅದರಲ್ಲಿದ್ದವು. ಹಳೆಯ ಜಾಲಪುಟಗಳ ಪ್ರತಿ ಕೂಡಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ವಿಳಾಸಗಳನ್ನು ಒಂದೊಂದಾಗಿ ಹಾಕಿ ಹುಡುಕಿದೆ. ನಾಲ್ಕು ಸಿಕ್ಕವು. ಉಳಿದ ಐದು ಇಂದಿಗೂ ಸಿಕ್ಕಿಲ್ಲ.

ನಿಮ್ಮ 112 ಬರಹಗಳ ಪ್ರತಿ ನಿಮ್ಮ ಬಳಿ ಇದೆಯೇ? ಇಲ್ಲದಿದ್ದರೆ ಮುಂದುವರಿಸುವ ನಿಲ್ಲಿಸುವ ಮಾತು ಆಮೇಲೆ. ಇಂದು ರಾತ್ರಿಯೇ ಇಳಿಸಿಕೊಳ್ಳಿ.

ಕಂದೀಲು

ಇಲ್ಲಿ ಎಲ್ಲರೂ ಬಹಳ ಮೃದುವಾಗಿ ಮಾತನಾಡುತ್ತಿದ್ದಾರೆ. ನನಗೆ ಸಿಟ್ಟು ಬರುತ್ತದೆ. ಒಬ್ಬ ಮನುಷ್ಯನ 285 ಗಂಟೆಗಳನ್ನು ತೆಗೆದುಕೊಂಡು, ಹಣ ಕೊಡದೆ, ಇನ್ನೂ ಎಂಟು ಡಾಲರ್ ಬೇಕು ಎನ್ನುವುದು ಯಾವ ನ್ಯಾಯ? ಆ ಕನಿಷ್ಠ ಮೊತ್ತ ಇಟ್ಟಿರುವುದೇಕೆ ಎಂದು ಯೋಚಿಸಿ. ಸಣ್ಣ ಮೊತ್ತ ಕಳಿಸಿದರೆ ವರ್ಗಾವಣೆಯ ಖರ್ಚು ಹೆಚ್ಚು ಎನ್ನುತ್ತಾರೆ, ಅದು ಸುಳ್ಳಲ್ಲ. ಆದರೆ ನಡುವೆ ಬಿಟ್ಟುಹೋದವರ ಹತ್ತು, ಇಪ್ಪತ್ತು, ಮೂವತ್ತು ಡಾಲರ್‌ಗಳು ಎಲ್ಲಿ ಉಳಿಯುತ್ತವೆ? ತಾಣದಲ್ಲೇ. ಅವರ ಬರಹಗಳೂ ಅಲ್ಲೇ ಉಳಿದು ಜಾಹೀರಾತು ತೋರಿಸುತ್ತಿರುತ್ತವೆ.

ಹಬ್‌ಪೇಜಸ್ ಜಾಹೀರಾತಿನ ಶೇಕಡಾ 60 ಬರಹಗಾರರಿಗೆ, 40 ತನಗೆ ಎಂದು ಬಹಿರಂಗವಾಗಿ ಹೇಳಿತ್ತು. ಹಾಗೆ ಪಾಲನ್ನು ಹೇಳುವ ತಾಣದೊಂದಿಗೆ ವ್ಯವಹರಿಸಬಹುದು. ತನ್ನ ಗಳಿಕೆ ಎಷ್ಟು, ನಿಮ್ಮ ಪಾಲು ಎಷ್ಟು ಎಂದು ಹೇಳದೆ, ದರವನ್ನು ಸದ್ದಿಲ್ಲದೆ ಇಳಿಸುವ ತಾಣಕ್ಕೆ ಒಂದು ಸಾಲನ್ನೂ ಬರೆಯಬಾರದು. ನಾಳೆಯೇ ಬಿಡಿ ಎಂಬುದು ನನ್ನ ಅಭಿಪ್ರಾಯ.

ಅಂಚುಗೆರೆ

ಕಂದೀಲು ಅವರ ಸಿಟ್ಟು ಸರಿಯಾದ ಸಿಟ್ಟೇ. ಆದರೆ ನಾಳೆಯೇ ಬಿಡಿ ಎಂಬುದನ್ನು ಒಪ್ಪಲಾರೆ.

ದಾರದುಂಡೆ ಅವರಂತೆ ನಾನೂ ಮನೆಯೊಳಗೇ ಇದ್ದವಳು. ನನ್ನ ಮೊದಲ ಸಂದಾಯ 25 ಡಾಲರ್. ಶುಲ್ಕ ಕಳೆದು ಕೈಗೆ ಬಂದದ್ದು ಅದಕ್ಕಿಂತ ಕಡಿಮೆ. ಆ ಹಣಕ್ಕೆ ಒಂದು ದೊಡ್ಡ ನಿಘಂಟು ಕೊಂಡೆ. ಗಂಟೆಗೆ ಎಷ್ಟು ಬಿತ್ತೆಂದು ಆಗ ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರವಿರುತ್ತಿರಲಿಲ್ಲ. ನನ್ನ ಹೆಸರಿಗೆ, ನಾನು ಬರೆದದ್ದಕ್ಕೆ ಬಂದ ಹಣ ಅದು. ಅದಕ್ಕೂ ಮೊದಲಿನ ಹನ್ನೊಂದು ವರ್ಷಗಳಲ್ಲಿ ನನ್ನ ಹೆಸರಿಗೆ ಏನೂ ಬಂದಿರಲಿಲ್ಲ.

ಹಣಕ್ಕಿಂತಲೂ ಮುಖ್ಯವಾದದ್ದು ಇನ್ನೊಂದಿದೆ. ದಿನವೂ ಕೂತು ಬರೆಯುವುದನ್ನು ನಾನು ಕಲಿತದ್ದು ಅಂತಹ ತಾಣದಲ್ಲಿ. ಓದಿ ನಾಲ್ಕು ಒಳ್ಳೆಯ ಮಾತು ಹೇಳುವವರು ಇದ್ದರು. ಅವರಲ್ಲಿ ಇಬ್ಬರು ಈಗಲೂ ಗೆಳತಿಯರು, ನಾನು ಬರೆದದ್ದನ್ನು ಮೊದಲು ಓದುವವರು ಅವರೇ. ಎಲ್ಲ ಕಾಮೆಂಟುಗಳೂ ಮುಯ್ಯಿ ಎಂದರೆ ಆ ಇಬ್ಬರಿಗೆ ಅನ್ಯಾಯವಾಗುತ್ತದೆ.

ಹಳೆಯ ಲೆಕ್ಕಿಗ

ಒಪ್ಪುತ್ತೇನೆ. ಗೆಳೆತನದ ಓದನ್ನು ನಾನು ಲೆಕ್ಕಕ್ಕೆ ಸೇರಿಸಬಾರದಿತ್ತು. ದಾರದುಂಡೆ ಅವರೇ, ಆ 210 ಗಂಟೆಯಲ್ಲಿ ಯಾರ ಬರಹವನ್ನು ಹಣವಿಲ್ಲದಿದ್ದರೂ ಓದುತ್ತಿದ್ದಿರಿ? ಅವರನ್ನು ಉಳಿಸಿಕೊಳ್ಳಿ. ಉಳಿದದ್ದನ್ನು ಬಿಡಿ.

ಇನ್ನೊಂದು ಕೆಲಸವಿದೆ. ಒಂದೊಂದು ಬರಹಕ್ಕೂ ಎಷ್ಟು ವೀಕ್ಷಣೆ ಬಂದಿದೆ, ಎಲ್ಲಿಂದ ಬಂದಿದೆ ಎಂದು ತಾಣ ತೋರಿಸುತ್ತಿದ್ದರೆ ಅದನ್ನು ಬರೆದುಕೊಳ್ಳಿ. ಒಳಗಿನ ಸದಸ್ಯರಿಂದ ಎಷ್ಟು, ಹುಡುಕಾಟದಿಂದ ಎಷ್ಟು ಎಂಬ ಎರಡು ಕಾಲಂ ಸಾಕು. ಬರೆದ ವಾರದಲ್ಲೇ ಏರಿ ಬಿದ್ದ ಬರಹ ಯಾವುದು, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಓದಿಸಿಕೊಳ್ಳುತ್ತಿರುವುದು ಯಾವುದು ನೋಡಿ. ಮುಂದಕ್ಕೆ ದಾರಿ ತೋರಿಸುವುದು ಎರಡನೆಯದು.

ಬಿಳಿಹಾಳೆ

ಹೊಸಬರಿಗಾಗಿ ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ಇಂತಹ ಚರ್ಚೆಯನ್ನು ಓದಿ ನಾಳೆಯೇ ಹೊಸ ತಾಣ ಹುಡುಕುವವರು ಇರುತ್ತಾರೆ.

ಹಣ ಬಿಡುಗಡೆ ಮಾಡಲು ಮೊದಲು ನೀವು ಹಣ ಕಟ್ಟಬೇಕು ಎನ್ನುವ ತಾಣದಿಂದ ಅಲ್ಲಿಂದಲೇ ಹಿಂತಿರುಗಿ. ನೋಂದಣಿ ಶುಲ್ಕ, ಪರಿಶೀಲನಾ ಶುಲ್ಕ, ಖಾತೆ ಮೇಲ್ದರ್ಜೆ ಎಂದು ಯಾವ ಹೆಸರಿನಲ್ಲಿ ಕೇಳಿದರೂ ಸರಿ, ಕೊಡಬೇಡಿ. ಗುರುತಿನ ದಾಖಲೆ ಕೇಳುವುದು ಬೇರೆ ವಿಷಯ, ಹಣ ಕಳಿಸುವ ಸಂಸ್ಥೆಗಳು ಅದನ್ನು ನಿಜವಾಗಿಯೂ ಕೇಳುತ್ತವೆ. ಆದರೆ ದಾಖಲೆಯನ್ನು ಪಾವತಿ ಸಂಸ್ಥೆಗೆ ಕೊಡಿ, ಕಾಮೆಂಟಿನಲ್ಲೋ ಚಾಟಿನಲ್ಲೋ ಕೇಳಿದವರಿಗೆ ಅಲ್ಲ.

ನಿಯಮಾವಳಿಯಲ್ಲಿ ಹಕ್ಕಿನ ಭಾಗವನ್ನು ಮಾತ್ರವಾದರೂ ಓದಿ. ಬರಹದ ಹಕ್ಕು ನಿಮ್ಮದೇ, ಪ್ರಕಟಿಸುವ ಅನುಮತಿ ಮಾತ್ರ ತಾಣಕ್ಕೆ ಎಂದಿದ್ದರೆ ಅದೇ ಬರಹವನ್ನು ನಿಮ್ಮ ಬ್ಲಾಗಿನಲ್ಲಿಯೂ ಹಾಕಬಹುದು. ಪೂರ್ತಿ ತಮ್ಮದೇ ಎಂದಿದ್ದರೆ, ನಾಲ್ಕು ಸೆಂಟಿಗೆ ಅದನ್ನು ಮಾರಿಬಿಟ್ಟಂತೆ. ಎರಡು ಕಡೆ ಹಾಕುವುದಾದರೆ ಮೂಲ ಯಾವುದು ಎಂದು ಹುಡುಕಾಟದ ಯಂತ್ರಕ್ಕೆ ತಿಳಿಸುವ ಕ್ಯಾನೊನಿಕಲ್ ಕೊಂಡಿಯ ಸೌಲಭ್ಯ ಇದೆಯೇ ನೋಡಿ. ಮೀಡಿಯಂ ಎಂಬ ಬರವಣಿಗೆಯ ತಾಣದಲ್ಲಿ ಅದು ಇದೆ.

ಮೀಡಿಯಂ ಎಂದಾಗ ನೆನಪಾಯಿತು. ಬರಹಗಾರರಿಗೆ ಹಣ ಕೊಡುವ ಅಲ್ಲಿನ ಪಾಲುದಾರಿಕೆ ಯೋಜನೆ 2017ರಲ್ಲಿ ಶುರುವಾಯಿತು, ಆ ವರ್ಷವೇ ಲೈಕ್‌ನಂತೆ ಒತ್ತುವ ಚಪ್ಪಾಳೆಗಳ ಮೇಲೆ ಹಣ ನಿಂತಿತು. 2019ರ ಕೊನೆಯ ಹೊತ್ತಿಗೆ ಅದನ್ನು ಬಿಟ್ಟು, ಚಂದಾದಾರರು ಎಷ್ಟು ಹೊತ್ತು ಓದಿದರು ಎಂಬುದರ ಮೇಲೆ ಲೆಕ್ಕ ಹಾಕತೊಡಗಿದರು. ಅಲ್ಲಿ ಹಣ ಜಾಹೀರಾತಿನದ್ದಲ್ಲ, ಓದುಗರ ಚಂದಾದ್ದು. ನನ್ನ ಅನುಭವದಲ್ಲಿ ಅಲ್ಲಿಯೂ ತಿಂಗಳಿಗೆ ಕೆಲವೇ ಡಾಲರ್. ಆದರೆ ಓದದೆ ಲೈಕ್ ಒತ್ತುವವರಿಗಾಗಿ ಬರೆಯಬೇಕಾದ ಒತ್ತಡವಿಲ್ಲ.

ಯಂತ್ರದಿಂದ ಬರೆಸಿ ದಿನಕ್ಕೆ ಇಪ್ಪತ್ತು ಹಾಕಬಹುದಲ್ಲ ಎಂದು ಕೇಳುವವರೂ ಇದ್ದಾರೆ. ಹಾಕುತ್ತಿದ್ದಾರೆ ಕೂಡ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇಂತಹ ತಾಣಗಳಿಗೆ ಅಂತಹ ಬರಹಗಳ ಪ್ರವಾಹವೇ ಹರಿಯಿತು. ಹೀಗೆ ರಾಶಿಗಟ್ಟಲೆ ಪುಟ ತಯಾರಿಸುವುದನ್ನು ದುರುಪಯೋಗವೆಂದು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ನಿಯಮದಲ್ಲೇ ಬರೆಯಿತು. ಇಡೀ ತಾಣ ಕೆಳಗೆ ಬಿದ್ದರೆ ಕೈಯಾರೆ ಬರೆದವರ ಪುಟಗಳೂ ಜೊತೆಗೇ ಬೀಳುತ್ತವೆ. ಮಸಿಕುಡಿಕೆ ಅವರು ಹೇಳಿದ 2011ರ ಕಥೆಯೇ ಮತ್ತೊಮ್ಮೆ.

ದಾರದುಂಡೆ

ನೀವೆಲ್ಲ ಬರೆದದ್ದನ್ನು ಎರಡು ಬಾರಿ ಓದಿದೆ. ಎಲ್ಲರಿಗೂ ಕೃತಜ್ಞತೆ.

ಮೊದಲು ಪ್ರತಿ ಇಳಿಸಿಕೊಂಡೆ. ಮೂರು ರಾತ್ರಿ ಹಿಡಿಯಿತು. ಇಳಿಸುವಾಗ ನನ್ನದೇ ಬರಹಗಳನ್ನು ಓದಬೇಕಾಯಿತು, ಅದು ಸುಲಭವಾಗಿರಲಿಲ್ಲ. ತಾಣದಲ್ಲಿ ಒಂದು ಬರಹಕ್ಕೆ ಕನಿಷ್ಠ 400 ಅಕ್ಷರಗಳಿರಬೇಕೆಂಬ ನಿಯಮವಿದೆ. ಹೇಳಬೇಕಾದದ್ದು ಎರಡು ಸಾಲಿನಲ್ಲಿ ಮುಗಿದ ಮೇಲೂ ಅಕ್ಷರ ತುಂಬಿಸಲು ಎಳೆದಿರುವ ಬರಹಗಳು ಅರ್ಧಕ್ಕಿಂತ ಹೆಚ್ಚಿವೆ. ಮೊದಲ ತಿಂಗಳಿನವು ಹಾಗಿಲ್ಲ. ಬರಬರುತ್ತಾ ಹಾಗಾಗಿದೆ.

ಆಮೇಲೆ ಲೆಕ್ಕಿಗ ಅವರು ಹೇಳಿದ ಎರಡು ಕಾಲಂ ಬರೆದೆ. 112ರಲ್ಲಿ 106 ಬರಹಗಳಿಗೆ ಹೊರಗಿನಿಂದ ಹೆಚ್ಚುಕಡಿಮೆ ಯಾರೂ ಬಂದಿಲ್ಲ. ಹುಡುಕಾಟದಿಂದ ಓದುಗರು ಬರುತ್ತಿರುವುದು ಆರಕ್ಕೆ ಮಾತ್ರ. ಅವುಗಳಲ್ಲಿ ಮೊದಲನೆಯದು ಯಾವುದು ಗೊತ್ತೇ? ಹೊಲಿಗೆ ಯಂತ್ರದಲ್ಲಿ ದಾರ ಪದೇ ಪದೇ ತುಂಡಾಗುವುದೇಕೆ ಎಂದು ಎರಡನೆಯ ತಿಂಗಳಲ್ಲಿ ಬರೆದದ್ದು. ಎರಡು ಲೈಕ್, ಒಂದು ಕಾಮೆಂಟ್ ಬಂದಿತ್ತು. ಯಾರಿಗೂ ಬೇಡವಾಯಿತೆಂದು ಮರೆತೇಬಿಟ್ಟಿದ್ದೆ. ಎರಡನೆಯದು ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವಾಗ ನಮ್ಮ ಬೆನ್ನಿಗೆ ನೋವಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದು. ಇವೆರಡೂ ನಾನು ಕೈಯಾರೆ ಮಾಡಿ ಕಲಿತ ಕೆಲಸಗಳು.

ಕಾಮೆಂಟ್ ಸುತ್ತನ್ನು ನಿಲ್ಲಿಸುತ್ತೇನೆ. ಮೂವರನ್ನು ಮಾತ್ರ ಓದುತ್ತೇನೆ. ಅವರ ಬರಹ ನನಗೆ ನಿಜವಾಗಿ ಇಷ್ಟ. ಐವತ್ತು ಮುಟ್ಟುವವರೆಗೆ ವಾರಕ್ಕೆ ಒಂದು ಬರಹ, ಹೇಳಲು ಏನಾದರೂ ಇದ್ದರೆ ಮಾತ್ರ. ಕಂದೀಲು ಅವರೇ, ಬೇಸರಿಸಬೇಡಿ, 41 ಡಾಲರ್ ಬಿಟ್ಟುಬರುವ ಸ್ಥಿತಿ ನನ್ನದಲ್ಲ.

ಕಂದೀಲು

ಬೇಸರವಿಲ್ಲ. ನಿಮ್ಮ ಹಣ ನಿಮಗೆ ಸಿಗಲಿ ಎಂಬುದೇ ನನ್ನ ಸಿಟ್ಟಿನ ಮೂಲ. ಒಂದು ಮಾತು ಮಾತ್ರ ನೆನಪಿರಲಿ: ಗೆರೆ ಮುಟ್ಟಿದ ದಿನವೇ ತೆಗೆದುಬಿಡಿ. ಇನ್ನಷ್ಟು ಸೇರಲಿ, ಒಟ್ಟಿಗೆ ತೆಗೆಯೋಣ ಎಂದು ಕಾದವರ ಹಣ ತಾಣದ ಜೊತೆಗೇ ಮುಳುಗಿದ್ದನ್ನು ನೋಡಿದ್ದೇನೆ. ಹನಿ ಹನಿ ಗೂಡಿದರೆ ಹಳ್ಳ ಎನ್ನುತ್ತಾರೆ, ಆದರೆ ಈ ಹಳ್ಳದ ತೂಬು ಇನ್ನೊಬ್ಬರ ಕೈಯಲ್ಲಿದೆ.

ಅಂಚುಗೆರೆ

ಬಂದ ಹಣವನ್ನು ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ. ತೆರಿಗೆಗೆ ಸಣ್ಣ ಆದಾಯವೂ ಆದಾಯವೇ, ವರ್ಷದ ಕೊನೆಯಲ್ಲಿ ಹುಡುಕಾಡುವುದು ತಪ್ಪುತ್ತದೆ.

ದಾರದುಂಡೆ

ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಏನಾಯಿತೆಂದು ಹೇಳದೆ ಹೋದರೆ ಸರಿಯಲ್ಲ.

ಕಾಮೆಂಟ್ ಸುತ್ತು ನಿಲ್ಲಿಸಿದ ಮೊದಲ ತಿಂಗಳು 1 ಡಾಲರ್ 60 ಸೆಂಟಿಗೆ ಇಳಿಯಿತು. ಹೆದರಿಕೆಯಾಯಿತು. ಆ ತಿಂಗಳು ಹೊಸದನ್ನು ಬರೆಯುವ ಬದಲು ದಾರದ ಬರಹವನ್ನು ಮತ್ತೆ ಕೈಗೆತ್ತಿಕೊಂಡೆ. ಮೊದಲು ಬರೆದಾಗ ಬಿಗಿ ಹೆಚ್ಚಾದರೆ ದಾರ ತುಂಡಾಗುತ್ತದೆ ಎಂದಷ್ಟೇ ಹೇಳಿದ್ದೆ. ಈಗ ಸೂಜಿಯನ್ನು ತಿರುಗುಮುರುಗಾಗಿ ಸಿಕ್ಕಿಸಿದರೆ ಏನಾಗುತ್ತದೆ, ಸೂಜಿ ಬಡಿದು ಬಡಿದು ಅದರ ಕೆಳಗಿನ ತಗಡಿನ ತೂತಿನ ಅಂಚು ಒರಟಾಗಿದ್ದರೆ ಬೆರಳಿನಿಂದ ಹೇಗೆ ತಿಳಿಯುವುದು, ಹಳೆಯ ದಾರವನ್ನು ಎಳೆದು ನೋಡುವುದು ಹೇಗೆ ಎಂದು ಸೇರಿಸಿ ಚಿತ್ರಗಳನ್ನೂ ಹಾಕಿದೆ. ಮುಂದಿನ ತಿಂಗಳು 3 ಡಾಲರ್ 10, ಅದರ ಮುಂದಿನದು 4 ಡಾಲರ್ 20. ಒಟ್ಟು 50 ಡಾಲರ್ 20 ಸೆಂಟ್ ಆಯಿತು. ಆ ಸಂಜೆಯೇ ಅರ್ಜಿ ಹಾಕಿದೆ. ಹನ್ನೆರಡು ದಿನಗಳ ಮೇಲೆ, ಶುಲ್ಕ ಮುರಿದುಕೊಂಡು, ಹಣ ಬಂತು.

ಲೆಕ್ಕಿಗ ಅವರು ಕೇಳುವ ಮೊದಲೇ ಹೇಳುತ್ತೇನೆ: ಈ ಮೂರು ತಿಂಗಳಲ್ಲಿ ನಾನು ಕಳೆದದ್ದು 22 ಗಂಟೆ, ಬಂದದ್ದು 8 ಡಾಲರ್ 90. ಗಂಟೆಗೆ ನಲವತ್ತು ಸೆಂಟ್. ಇದನ್ನು ದುಡಿಮೆ ಎಂದು ಕರೆಯಲು ಆಗದು, ಯಾರಿಗೂ ಹಾಗೆ ಹೇಳಿ ಆಸೆ ಹುಟ್ಟಿಸಲಾರೆ. ಆದರೆ ಸಂಜೆಯ ಆ ಒಂದು ಗಂಟೆ ನನಗೆ ಮರಳಿ ಸಿಕ್ಕಿದೆ.

ಇನ್ನೊಂದು ವಿಷಯ. ದಾರದ ಬರಹದ ಕೆಳಗೆ ಹೊರಗಿನವರೊಬ್ಬರು, ತಾಣದ ಸದಸ್ಯರೂ ಅಲ್ಲದವರು, ಬರೆದಿದ್ದರು: ತಗಡಿನ ಅಂಚನ್ನು ಮುಟ್ಟಿ ನೋಡಿದೆ, ಒರಟಾಗಿತ್ತು, ಸಣ್ಣ ಉಜ್ಜುಕಾಗದದಿಂದ ತೀಡಿದೆ, ಈಗ ದಾರ ತುಂಡಾಗುತ್ತಿಲ್ಲ.

ಮಸಿಕುಡಿಕೆ

ಓದಿ ತುಂಬಾ ಸಂತೋಷವಾಯಿತು. ಆ ಕಾಮೆಂಟಿನ ಪ್ರತಿಯನ್ನೂ ಇಳಿಸಿಟ್ಟುಕೊಂಡಿದ್ದೀರಿ ತಾನೆ?

ದಾರದುಂಡೆ

ಮೊದಲು ಮಾಡಿದ ಕೆಲಸವೇ ಅದು. ಈಗ ಗುಂಡಿಯ ಮನೆ ಹೊಲಿಯುವುದರ ಬಗ್ಗೆ ಬರೆಯುತ್ತಿದ್ದೇನೆ, ನನ್ನದೇ ಬ್ಲಾಗಿನಲ್ಲಿ. ಅಲ್ಲಿ ಮುಗಿಸಿದ ಮೇಲೆ ತಾಣಕ್ಕೂ ಹಾಕುತ್ತೇನೆ. ಅಲ್ಲಿ ಇನ್ನೂ ಇಪ್ಪತ್ತು ಸೆಂಟ್ ಉಳಿದಿದೆ.